ಎರಡನೇ ಮೈಕ್ ಯಾವುದು? ಮನೆಯಲ್ಲಿ ಸಂಗೀತ ರೆಕಾರ್ಡ್ ಮಾಡುವವರಿಗೆ ಕಡಿಮೆ ಖರ್ಚಿನ ಸಮಗ್ರ ಮಾರ್ಗದರ್ಶಿ

ಎರಡನೇ ಮೈಕ್ ಕೊಂಡವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಎರಡು. ಹೊಸ ಮೈಕ್‌ನಲ್ಲಿ ರೆಕಾರ್ಡ್ ಮಾಡಿದರೂ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ ಎನ್ನುವುದು ಒಂದು. ಎರಡನ್ನೂ ಒಟ್ಟಿಗೆ ಇಟ್ಟಾಗ ಧ್ವನಿ ಮೊದಲಿಗಿಂತ ತೆಳುವಾಯಿತು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕಾರಣ, ಮಾಡೆಲ್ ಆರಿಸಿ ತಂದ ಮೇಲೆ ಅದಕ್ಕೊಂದು ಕೆಲಸ ಹುಡುಕುವುದು. ಎರಡನೆಯದಕ್ಕೆ ಮೈಕ್ ಕಾರಣವೇ ಅಲ್ಲ. ಎರಡು ಮೈಕ್‌ಗಳನ್ನು ಇಟ್ಟ ಜಾಗ ಕಾರಣ.

ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಮಾಡೆಲ್‌ಗಳ ಹೆಸರು ಏಳನೇ ಹಂತಕ್ಕೆ ಬರುತ್ತದೆ. ಅದಕ್ಕೂ ಮೊದಲು ಅಂಗಡಿಯ ಪುಟ ತೆರೆಯದಿದ್ದರೆ ಹಣ ಉಳಿಯುವ ಸಾಧ್ಯತೆ ಹೆಚ್ಚು, ಏಕೆಂದರೆ ಮೊದಲ ಹಂತದಲ್ಲೇ ಕೆಲವರಿಗೆ ಎರಡನೇ ಮೈಕ್ ಬೇಕಿಲ್ಲ ಎಂದು ಗೊತ್ತಾಗುತ್ತದೆ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಈಗಿರುವ ಮೈಕ್ ಮತ್ತು ಇಂಟರ್ಫೇಸ್ (ಮೈಕ್ ಅನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ), ಅವೆರಡರ ಮ್ಯಾನ್ಯುಯಲ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಅಳತೆಯ ಟೇಪು ಇಲ್ಲವೇ ಎರಡು ಮೀಟರ್ ದಾರ, ಒಂದೆರಡು ದಪ್ಪ ಕಂಬಳಿ. ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಪೊಲಾರಿಟಿ ತಿರುಗಿಸುವ, ಅಂದರೆ ಧ್ವನಿಯ ಅಲೆಯನ್ನು ತಲೆಕೆಳಗು ಮಾಡುವ ಬಟನ್ ಎಲ್ಲಿದೆ ಎಂದು ಈಗಲೇ ನೋಡಿಟ್ಟುಕೊಳ್ಳಿ. ರೀಪರ್‌ನಲ್ಲಿ ಪ್ರತಿ ಟ್ರ್ಯಾಕ್‌ಗೂ ಆ ಬಟನ್ ಇದೆ. ಆಡಾಸಿಟಿಯಲ್ಲಿ ಇನ್ವರ್ಟ್ ಎಂಬ ಎಫೆಕ್ಟ್ ಇದೆ. ಹತ್ತನೇ ಹಂತದಲ್ಲಿ ಇದಿಲ್ಲದೆ ಕೆಲಸ ಸಾಗುವುದಿಲ್ಲ.

## ಹಂತ 1: ಈಗಿನ ಮೈಕ್‌ನ ಕೊರತೆಯನ್ನು ಕಿವಿಯಿಂದಲೇ ಪತ್ತೆಹಚ್ಚಿ

ಇದು ಎಲ್ಲರೂ ಬಿಟ್ಟುಬಿಡುವ ಹಂತ, ಹಾಗಾಗಿ ಇದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ. ಒಂದು ಸಂಜೆ ಸಾಕು. ನಾಲ್ಕು ರೆಕಾರ್ಡಿಂಗ್ ಮಾಡಿ.

ಮೊದಲನೆಯದು ಮೌನದ್ದು. ನೀವು ಯಾವಾಗಲೂ ಇಡುವ ಗೇನ್‌ನಲ್ಲೇ (ಮೈಕ್‌ನ ಸಿಗ್ನಲ್ ಅನ್ನು ಹಿಗ್ಗಿಸುವ ಮಟ್ಟ), ಏನೂ ಹಾಡದೆ, 30 ಸೆಕೆಂಡ್ ರೆಕಾರ್ಡ್ ಮಾಡಿ. ಹೆಡ್‌ಫೋನ್‌ನಲ್ಲಿ ಕೇಳಿದಾಗ ಫ್ಯಾನ್, ಫ್ರಿಜ್, ರಸ್ತೆಯ ಸದ್ದು ಸಿಕ್ಕರೆ ಅದು ಕೋಣೆಯ ಗದ್ದಲ. ಏರಿಳಿತವಿಲ್ಲದ ‘ಸ್’ ಎನ್ನುವ ಸದ್ದಾದರೆ ಅದು ಮೈಕ್ ಅಥವಾ ಪ್ರೀಆಂಪ್‌ನೊಳಗಿನದು (ಪ್ರೀಆಂಪ್ ಎಂದರೆ ಇಂಟರ್ಫೇಸ್‌ನಲ್ಲಿ ಮೈಕ್‌ನ ಸಿಗ್ನಲ್ ಅನ್ನು ಹಿಗ್ಗಿಸುವ ಭಾಗ). ಅನುಮಾನವಿದ್ದರೆ ಮೈಕ್‌ಗೆ ಕಂಬಳಿ ಸುತ್ತಿ ಇನ್ನೊಮ್ಮೆ ರೆಕಾರ್ಡ್ ಮಾಡಿ. ಸದ್ದು ಇಳಿದರೆ ಅದು ಹೊರಗಿನದು, ಇಳಿಯದಿದ್ದರೆ ಒಳಗಿನದು. ಕೋಣೆಯ ಗದ್ದಲವನ್ನು ಇನ್ನೂ ಸೂಕ್ಷ್ಮವಾದ ಮೈಕ್ ತಂದು ಓಡಿಸಲು ಆಗುವುದಿಲ್ಲ.

ಎರಡನೆಯದು ದೂರದ್ದು. ಒಂದೇ ಸಾಲನ್ನು ಮೈಕ್‌ನಿಂದ 15, 30, 60 ಸೆಂಟಿಮೀಟರ್ ದೂರದಲ್ಲಿ ಹಾಡಿ ಅಥವಾ ನುಡಿಸಿ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಂತೆ ನೇರ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳಿಂದ ಬರುವ ಮರುಧ್ವನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. 15 ಸೆಂಟಿಮೀಟರ್‌ನಲ್ಲಿ ಚೆನ್ನಾಗಿದ್ದು 60ರಲ್ಲಿ ಡಬ್ಬದೊಳಗೆ ಕೂತು ಹಾಡಿದಂತೆ ಕೇಳಿದರೆ ತೊಂದರೆ ಕೋಣೆಯದು.

ಮೂರನೆಯದು ಕಂಬಳಿಯದು. ಹಾಡುವವರ ಬೆನ್ನ ಹಿಂದೆ ಕಂಬಳಿ ಇಳಿಬಿಟ್ಟು, 30 ಸೆಂಟಿಮೀಟರ್ ದೂರದಲ್ಲಿ ಅದೇ ಸಾಲು ಹಾಡಿ. ಬೆನ್ನ ಹಿಂದೆ ಏಕೆಂದರೆ, ಕಾರ್ಡಿಯಾಯ್ಡ್, ಅಂದರೆ ಮುಂದಿನಿಂದ ಬಂದದ್ದನ್ನೇ ಹೆಚ್ಚು ಹಿಡಿಯುವ ಮೈಕ್‌ನ ಮುಖ ಹಾಡುವವರ ಕಡೆಗಿರುತ್ತದೆ. ಅದು ಹೆಚ್ಚಾಗಿ ಹಿಡಿಯುವುದು ಅವರ ಹಿಂದಿನ ಗೋಡೆಯಿಂದ ಬರುವುದನ್ನು. ಕಂಬಳಿಯನ್ನು ಮೈಕ್‌ನ ಹಿಂದೆ ಮಾತ್ರ ನೇತುಹಾಕಿ ‘ಪ್ರಯೋಜನ ಆಗಲಿಲ್ಲ’ ಎನ್ನುವವರು ಬಹಳ.

ನಾಲ್ಕನೆಯದು ಕೋನದ್ದು. ಮೈಕ್ ಅನ್ನು ಬಾಯಿಯ ನೇರದಿಂದ ಸ್ವಲ್ಪ ಮೇಲಕ್ಕೆ ಅಥವಾ ಪಕ್ಕಕ್ಕೆ ಸರಿಸಿ ಓರೆಯಾಗಿ ತಿರುಗಿಸಿ. ‘ಸ’, ‘ಶ’ ಕಿವಿಗೆ ಕೊರೆಯುವುದು, ‘ಪ’, ‘ಭ’ ಬಂದಾಗ ಗಾಳಿ ಹೊಡೆಯುವುದು, ಈ ಎರಡೂ ಹೀಗೆ ಮಾಡಿದರೆ ಎಷ್ಟೋ ಕಡಿಮೆಯಾಗುತ್ತವೆ.

ನಾಲ್ಕನ್ನೂ ಸಾಲಾಗಿ ಕೇಳಿ. ಕಂಬಳಿಯಿಂದಲೋ ಕೋನದಿಂದಲೋ ಆದ ಸುಧಾರಣೆ ನಿಮಗೆ ಸಾಕೆನಿಸಿದರೆ ಖರೀದಿಯನ್ನು ಮುಂದೂಡಿ. ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಕೊರತೆಯೇ ನಿಜವಾದ ಕೊರತೆ. ಉದಾಹರಣೆಗೆ: ಗಿಟಾರ್‌ನ ತಂತಿಯ ಮಿಂಚು ಸಿಗುತ್ತಿಲ್ಲ, ಒಬ್ಬರ ದನಿ ಈ ಮೈಕ್‌ನಲ್ಲಿ ಯಾವ ಕೋನದಲ್ಲೂ ಕರ್ಕಶ, ಮೆಲ್ಲಗೆ ನುಡಿಸಿದ್ದು ‘ಸ್’ ಸದ್ದಿನಲ್ಲಿ ಮುಳುಗುತ್ತದೆ, ಇಬ್ಬರನ್ನು ಒಟ್ಟಿಗೆ ರೆಕಾರ್ಡ್ ಮಾಡಿದರೆ ಆಮೇಲೆ ಮಟ್ಟ ಹೊಂದಿಸಲು ಆಗುವುದಿಲ್ಲ.

## ಹಂತ 2: ಎರಡನೇ ಮೈಕ್‌ನ ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

‘ಇನ್ನೂ ಒಳ್ಳೆಯ ಧ್ವನಿಗಾಗಿ’ ಎಂದು ಬರೆದರೆ ಅದು ಕೆಲಸವಲ್ಲ. ಎರಡನೇ ಮೈಕ್‌ಗೆ ಸಾಧ್ಯವಿರುವ ಕೆಲಸ ಮೂರು, ಅವುಗಳಲ್ಲಿ ಒಂದನ್ನು ಆರಿಸಿ.

1. ಬೇರೆ ಬಣ್ಣ. ಒಂದು ಹೊತ್ತಿಗೆ ಒಂದೇ ಮೈಕ್ ಬಳಸುತ್ತೀರಿ, ಆದರೆ ವಾದ್ಯಕ್ಕೆ ಅಥವಾ ದನಿಗೆ ತಕ್ಕಂತೆ ಬದಲಿಸುತ್ತೀರಿ.
2. ಎರಡು ಮೂಲ. ಹಾಡು ಮತ್ತು ಗಿಟಾರ್, ಪಿಟೀಲು ಮತ್ತು ಮೃದಂಗ, ಹೀಗೆ ಒಂದೇ ಹೊತ್ತಿನಲ್ಲಿ ಎರಡನ್ನು ಬೇರೆ ಬೇರೆ ಟ್ರ್ಯಾಕ್‌ಗೆ ತೆಗೆದುಕೊಳ್ಳುತ್ತೀರಿ.
3. ಒಂದೇ ವಾದ್ಯಕ್ಕೆ ಎರಡು ಕಿವಿ. ಸ್ಟೀರಿಯೋ, ಅಥವಾ ಮೃದಂಗದ ಎರಡು ಮುಖಕ್ಕೆ ಎರಡು ಮೈಕ್.

ಮೊದಲನೆಯ ಕೆಲಸಕ್ಕೆ ಬೇಕಾದದ್ದು ನಿಮ್ಮಲ್ಲಿರುವುದಕ್ಕಿಂತ ಆದಷ್ಟು ಭಿನ್ನವಾದ ಮೈಕ್. ಮೂರನೆಯದಕ್ಕೆ, ಅದರಲ್ಲೂ ಸ್ಟೀರಿಯೋಗೆ, ಬೇಕಾದದ್ದು ಇರುವುದರಂಥದ್ದೇ ಇನ್ನೊಂದು. ಒಂದಕ್ಕೊಂದು ವಿರುದ್ಧವಾದ ಈ ಎರಡು ಅಗತ್ಯವನ್ನು ಒಂದೇ ಖರೀದಿಯಲ್ಲಿ ಮುಗಿಸಲು ಹೋಗುವುದೇ ಸಾಮಾನ್ಯ ಎಡವಟ್ಟು. ನಿಮ್ಮ ವಾಕ್ಯದಲ್ಲಿ ‘ಮತ್ತು’ ಎರಡು ಬಾರಿ ಬಂದರೆ ಇನ್ನೂ ತೀರ್ಮಾನ ಆಗಿಲ್ಲ ಎಂದರ್ಥ. ಮುಂದಿನ ಆರು ತಿಂಗಳಲ್ಲಿ ಹೆಚ್ಚು ಬಾರಿ ಮಾಡಲಿರುವ ಕೆಲಸವನ್ನು ಉಳಿಸಿ, ಮಿಕ್ಕದ್ದನ್ನು ಹೊಡೆದುಹಾಕಿ.

## ಹಂತ 3: ಇಂಟರ್ಫೇಸ್ ಏನನ್ನು ಬಿಡುತ್ತದೆ, ಏನನ್ನು ತಡೆಯುತ್ತದೆ ನೋಡಿ

ಪ್ರೀಆಂಪ್ ಎಷ್ಟಿವೆ? ಮುಂದೆ ಎರಡು ತೂತು ಕಂಡ ಮಾತ್ರಕ್ಕೆ ಎರಡು ಮೈಕ್ ಹಾಕಬಹುದು ಎಂದಲ್ಲ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋದಲ್ಲಿ ಮೈಕ್ ಪ್ರೀಆಂಪ್ ಒಂದೇ, ಇನ್ನೊಂದು ಇನ್‌ಪುಟ್ ಗಿಟಾರ್ ಮತ್ತು ಲೈನ್‌ಗೆ. ಅದರದೇ 2ಐ2ದಲ್ಲಿ ಎರಡು ಪ್ರೀಆಂಪ್ ಇವೆ. ಒಂದೇ ಪ್ರೀಆಂಪ್ ಇರುವವರಿಗೆ ಮೇಲಿನ ಮೊದಲ ಕೆಲಸ ಮಾತ್ರ ಸಾಧ್ಯ. ಉಳಿದೆರಡಕ್ಕೆ ಇಂಟರ್ಫೇಸ್‌ನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ವೈ ಆಕಾರದ ಕೇಬಲ್‌ನಿಂದ ಎರಡು ಮೈಕ್‌ಗಳನ್ನು ಒಂದೇ ಇನ್‌ಪುಟ್‌ಗೆ ಕೂಡಿಸುವ ಪ್ರಯತ್ನ ಬೇಡ. ಎರಡರ ಮಟ್ಟವೂ ಕೆಡುತ್ತದೆ, ಆಮೇಲೆ ಬಿಡಿಸಲೂ ಬರುವುದಿಲ್ಲ.

ಫ್ಯಾಂಟಮ್ ಪವರ್, ಅಂದರೆ ಮೈಕ್‌ನ ಕೇಬಲ್‌ನಲ್ಲೇ ಮೈಕ್‌ಗೆ ಹೋಗುವ ವಿದ್ಯುತ್ ಇದೆಯೇ? ಕಂಡೆನ್ಸರ್ ಮೈಕ್‌ಗಳು ಹೆಚ್ಚು ಸೂಕ್ಷ್ಮ, ವಿದ್ಯುತ್ ಇಲ್ಲದೆ ನಡೆಯುವುದಿಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ 48 ವೋಲ್ಟ್ ಬೇಕು. ಚಿಕ್ಕ ಇಂಟರ್ಫೇಸ್‌ಗಳಲ್ಲಿ ಎರಡು ಇನ್‌ಪುಟ್‌ಗೂ ಸೇರಿ ಒಂದೇ ಸ್ವಿಚ್ ಇರುತ್ತದೆ. ಡೈನಮಿಕ್ ಮೈಕ್ (ಒಳಗೆ ಕಾಯಿಲ್ ಇರುವ, ವಿದ್ಯುತ್ ಬೇಡದ ಬಗೆ) ಜೊತೆಗಿದ್ದರೆ ಹೆದರಬೇಕಿಲ್ಲ. ಸರಿಯಾದ ಎಕ್ಸ್‌ಎಲ್‌ಆರ್ (ಮೂರು ಪಿನ್‌ನ) ಕೇಬಲ್‌ನ ಎರಡೂ ಸಿಗ್ನಲ್ ತಂತಿಗಳಲ್ಲಿ ಒಂದೇ ವೋಲ್ಟೇಜ್ ಇರುವುದರಿಂದ ಕಾಯಿಲ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ರಿಬ್ಬನ್ ಮೈಕ್‌ನ ವಿಷಯ ಬೇರೆ: ಕೇಬಲ್ ಕೆಟ್ಟಿದ್ದರೆ ಅದರ ತೆಳು ಪಟ್ಟಿ ಹಾಳಾಗಬಹುದು. ಆದ್ದರಿಂದ ಅದನ್ನು ಜೋಡಿಸುವ ಮೊದಲು 48 ವೋಲ್ಟ್ ಸ್ವಿಚ್ ಆಫ್ ಮಾಡಿ.

ಗೇನ್ ಸಾಕೇ? ಇಲ್ಲಿ ಒಂದು ಲೆಕ್ಕವಿದೆ. ಒಂದೇ ಮಟ್ಟದ ಧ್ವನಿಗೆ ಶೂರ್ ಎಸ್‌ಎಂ57 ಕೊಡುವುದು 1.6 ಮಿಲಿವೋಲ್ಟ್, ಆಡಿಯೋ-ಟೆಕ್ನಿಕಾ ಎಟಿ2020 ಕೊಡುವುದು 14.1 ಮಿಲಿವೋಲ್ಟ್. ವ್ಯತ್ಯಾಸ ಸುಮಾರು 19 ಡೆಸಿಬೆಲ್. ಕಂಡೆನ್ಸರ್‌ಗೆ ಗೇನ್ ಗುಂಡಿಯನ್ನು ಅರ್ಧ ತಿರುಗಿಸುತ್ತಿದ್ದವರು ಡೈನಮಿಕ್ ಹಾಕಿದಾಗ ‘ಮೈಕ್ ಕೆಟ್ಟಿದೆ’ ಎಂದುಕೊಳ್ಳುವುದು ಇದರಿಂದಲೇ. ಶೂರ್ ಎಸ್‌ಎಂ7ಬಿ ಇನ್ನೂ ಮೆಲುದನಿಯದು. ಅದಕ್ಕೆ ಕನಿಷ್ಠ 60 ಡೆಸಿಬೆಲ್ ಗೇನ್ ಬೇಕೆಂದು ತಯಾರಕರೇ ಹೇಳುತ್ತಾರೆ. ನಿಮ್ಮ ಇಂಟರ್ಫೇಸ್‌ನ ಗರಿಷ್ಠ ಗೇನ್ 50ರ ಆಸುಪಾಸಿನಲ್ಲಿದ್ದರೆ ಅಂಥ ಮೈಕ್‌ನ ಜೊತೆ ಕೇಬಲ್‌ನ ನಡುವೆ ಜೋಡಿಸಿ ಸಿಗ್ನಲ್ ಹೆಚ್ಚಿಸುವ ಇನ್‌ಲೈನ್ ಬೂಸ್ಟರ್ ಕೂಡ ಕೊಳ್ಳಬೇಕಾಗುತ್ತದೆ. ಆಗ ಅದು ಅಗ್ಗದ ಆಯ್ಕೆಯಾಗಿ ಉಳಿಯುವುದಿಲ್ಲ.

ಮೊದಲ ಮೈಕ್ ಯುಎಸ್‌ಬಿಯೇ? ಹಾಗಿದ್ದರೆ ಎರಡನೆಯದನ್ನೂ ಯುಎಸ್‌ಬಿ ತರಬೇಡಿ. ಪ್ರತಿ ಯುಎಸ್‌ಬಿ ಮೈಕ್‌ನೊಳಗೆ ಅದರದೇ ಗಡಿಯಾರವಿರುತ್ತದೆ, ಎರಡು ಗಡಿಯಾರ ಪೂರ್ತಿ ಒಂದೇ ವೇಗದಲ್ಲಿ ಓಡುವುದಿಲ್ಲ. ಹಾಡು ಉದ್ದವಾದಂತೆ ಎರಡು ಟ್ರ್ಯಾಕ್‌ಗಳು ಒಂದರಿಂದೊಂದು ಸರಿಯುತ್ತವೆ. ವಿಂಡೋಸ್‌ನಲ್ಲಿ ಆಸಿಯೋ (ASIO) ಎಂಬ ಆಡಿಯೋ ಡ್ರೈವರ್ ಬಳಸುವಾಗ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಸಾಧನ ಸಿಗುತ್ತದೆ. ಮ್ಯಾಕ್‌ನಲ್ಲಿ ಎರಡನ್ನು ಕೂಡಿಸುವ ಸೌಲಭ್ಯವಿದ್ದರೂ ತಾಳ ತಪ್ಪದಂತೆ ಕಾಯುತ್ತಿರಬೇಕು. ನಿಮ್ಮದು ಸ್ಯಾಮ್ಸನ್ ಕ್ಯೂ2ಯು ತರಹ ಯುಎಸ್‌ಬಿ ಜೊತೆ ಎಕ್ಸ್‌ಎಲ್‌ಆರ್ ಕೂಡ ಇರುವ ಮೈಕ್ ಆಗಿದ್ದರೆ ದಾರಿ ಸುಲಭ: ಎರಡು ಪ್ರೀಆಂಪ್ ಇರುವ ಇಂಟರ್ಫೇಸ್ ತಂದು ಹಳೆಯದನ್ನೂ ಅದಕ್ಕೇ ಜೋಡಿಸಿ.

## ಹಂತ 4: ಬಗೆಯನ್ನು ತೀರ್ಮಾನಿಸಿ

ಮನೆಯಲ್ಲಿ ರೆಕಾರ್ಡ್ ಮಾಡುವವರ ಮೊದಲ ಮೈಕ್ ಸಾಮಾನ್ಯವಾಗಿ ದೊಡ್ಡ ಡಯಾಫ್ರಮ್‌ನ (ಧ್ವನಿಗೆ ಕಂಪಿಸುವ ತೆಳು ಪೊರೆ) ಕಂಡೆನ್ಸರ್. ಅಂಥವರು ‘ಬೇರೆ ಬಣ್ಣ’ ಬೇಕೆಂದು ಇನ್ನೊಂದು ಅಗ್ಗದ ದೊಡ್ಡ ಡಯಾಫ್ರಮ್ ಕಂಡೆನ್ಸರ್ ಕೊಳ್ಳುವುದು ನಾನು ಬಲವಾಗಿ ಬೇಡವೆನ್ನುವ ಖರೀದಿ. ಎರಡೂ ಹತ್ತಿರ ಹತ್ತಿರ ಒಂದೇ ತರಹ ಕೇಳುತ್ತವೆ, ಒಂದಕ್ಕೆ ಹೊಂದದ ದನಿ ಇನ್ನೊಂದಕ್ಕೂ ಹೊಂದುವುದಿಲ್ಲ. ಅವರಿಗೆ ಬೇಕಾದದ್ದು ಡೈನಮಿಕ್. ಕರ್ಕಶ ದನಿಯನ್ನು ಅದು ಮೆದುಗೊಳಿಸುತ್ತದೆ, ಆಂಪ್ಲಿಫೈಯರ್ ಮತ್ತು ತಾಳವಾದ್ಯದ ಜೋರನ್ನು ತಡೆದುಕೊಳ್ಳುತ್ತದೆ. ಹತ್ತಿರದಿಂದಲೇ ಬಳಸುವುದರಿಂದ ಕೋಣೆಯ ಸದ್ದೂ ಕಡಿಮೆ ಬರುತ್ತದೆ.

ಮೊದಲನೆಯದು ಡೈನಮಿಕ್ ಆಗಿದ್ದರೆ ಎರಡನೆಯದು ಕಂಡೆನ್ಸರ್. ಹಾಡಿಗೆ ಹೆಚ್ಚು ಬಳಸುವುದಾದರೆ ದೊಡ್ಡ ಡಯಾಫ್ರಮ್. ಗಿಟಾರ್, ವೀಣೆ, ಪಿಟೀಲು, ಕೊಳಲಿನಂಥವಕ್ಕಾದರೆ ಪೆನ್ಸಿಲ್ ಆಕಾರದ ಚಿಕ್ಕ ಡಯಾಫ್ರಮ್. ಚಿಕ್ಕ ಡಯಾಫ್ರಮ್ ತಂತಿ ಮೀಟಿದ ಕ್ಷಣವನ್ನು ಚೊಕ್ಕವಾಗಿ ಹಿಡಿಯುತ್ತದೆ, ಪಕ್ಕದಿಂದ ಬಂದ ಧ್ವನಿಯ ಬಣ್ಣವನ್ನೂ ಹೆಚ್ಚು ಕೆಡಿಸುವುದಿಲ್ಲ. ಬದಲಿಗೆ ಅದರ ಸ್ವಂತ ಸದ್ದು ದೊಡ್ಡದಕ್ಕಿಂತ ತುಸು ಹೆಚ್ಚು.

ಸ್ಟೀರಿಯೋ ನಿಮ್ಮ ಕೆಲಸವಾದರೆ ಚರ್ಚೆಯೇ ಇಲ್ಲ: ಒಂದೇ ಮಾಡೆಲ್‌ನ ಎರಡು. ಬೇರೆ ಬೇರೆ ಮಾಡೆಲ್ ಇಟ್ಟರೆ ಸ್ವರ ಮೇಲೇರಿದಾಗ ವಾದ್ಯ ಒಂದು ಪಕ್ಕಕ್ಕೆ ಜಾರಿದಂತೆ ಕೇಳುತ್ತದೆ.

ರಿಬ್ಬನ್‌ನ ಧ್ವನಿ ನನಗೆ ತುಂಬ ಇಷ್ಟ. ಆದರೂ ಎರಡನೇ ಮೈಕ್ ಆಗಿ ಅದನ್ನು ಹೇಳಲಾರೆ. ಅದರ ಸಿಗ್ನಲ್ ದುರ್ಬಲ, ಗಾಳಿಯ ಹೊಡೆತಕ್ಕೆ ಅದು ಬೇಗ ಕೆಡುತ್ತದೆ, ಹಿಂಬದಿಯಿಂದಲೂ ಅಷ್ಟೇ ಜೋರಾಗಿ ಕೇಳಿಸಿಕೊಳ್ಳುವುದರಿಂದ ಕೋಣೆಯೂ ಚೆನ್ನಾಗಿರಬೇಕು.

## ಹಂತ 5: ಮೈಕ್ ಯಾವ ದಿಕ್ಕಿಗೆ ಕಿವುಡಾಗಿರಬೇಕು?

ಎಲ್ಲರೂ ಮೈಕ್ ಎತ್ತ ಕೇಳಿಸಿಕೊಳ್ಳುತ್ತದೆ ಎಂದು ನೋಡುತ್ತಾರೆ. ಮನೆಯಲ್ಲಿ ಅದಕ್ಕಿಂತ ಮುಖ್ಯ, ಅದು ಎತ್ತ ಕೇಳಿಸಿಕೊಳ್ಳುವುದಿಲ್ಲ ಎನ್ನುವುದು. ಕಾರ್ಡಿಯಾಯ್ಡ್ ನೇರ ಹಿಂದಕ್ಕೆ, ಅಂದರೆ 180 ಡಿಗ್ರಿಗೆ ಕಿವುಡು. ಸೂಪರ್‌ಕಾರ್ಡಿಯಾಯ್ಡ್ ಸುಮಾರು 126 ಡಿಗ್ರಿಯಲ್ಲಿ ಕಿವುಡು, ನೇರ ಹಿಂದೆ ಸ್ವಲ್ಪ ಕೇಳಿಸಿಕೊಳ್ಳುತ್ತದೆ. ಫಿಗರ್-8 ಎರಡು ಪಕ್ಕಕ್ಕೂ, 90 ಡಿಗ್ರಿಗೆ ಕಿವುಡು. ಓಮ್ನಿ ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳುತ್ತದೆ. ಅದರ ಲಾಭವೆಂದರೆ ಹತ್ತಿರ ಹೋದಾಗ ಮಂದ್ರ ಉಬ್ಬಿಕೊಳ್ಳುವುದಿಲ್ಲ.

ಒಬ್ಬರೇ ಹಾಡುತ್ತ ಗಿಟಾರ್ ನುಡಿಸುವ ಸಂದರ್ಭ ತೆಗೆದುಕೊಳ್ಳಿ. ಬಾಯಿಗೂ ವಾದ್ಯಕ್ಕೂ ಅಂತರ ಕಡಿಮೆ, ಹಾಗಾಗಿ ಎರಡು ಕಾರ್ಡಿಯಾಯ್ಡ್ ಇಟ್ಟರೂ ಒಂದರೊಳಗೆ ಇನ್ನೊಂದು ಧಾರಾಳವಾಗಿ ಸೋರುತ್ತದೆ. ಫಿಗರ್-8 ಮೈಕ್ ಅನ್ನು ಗಿಟಾರ್‌ಗೆ ಮುಖ ಮಾಡಿಸಿ, ಅದರ ಕಿವುಡು ಪಕ್ಕ ಬಾಯಿಯ ಕಡೆಗೆ ಬರುವಂತೆ ಓರೆ ಮಾಡಿದರೆ ಗಿಟಾರ್ ಟ್ರ್ಯಾಕ್‌ನಲ್ಲಿ ಹಾಡು ಆಶ್ಚರ್ಯವಾಗುವಷ್ಟು ತಗ್ಗುತ್ತದೆ. ಇದೇ ನಿಮ್ಮ ಮುಖ್ಯ ಕೆಲಸವಾದರೆ ದಿಕ್ಕು ಬದಲಿಸುವ ಸ್ವಿಚ್ ಇರುವ ಕಂಡೆನ್ಸರ್‌ಗೆ ಸ್ವಲ್ಪ ಹೆಚ್ಚು ಕೊಡುವುದು ಸಾರ್ಥಕ. ಉಳಿದ ಬಹುತೇಕ ಕೆಲಸಕ್ಕೆ ಕಾರ್ಡಿಯಾಯ್ಡ್ ಸಾಕು.

## ಹಂತ 6: ವಿವರಪಟ್ಟಿಯಲ್ಲಿ ಮೂರು ಅಂಕಿಗಳನ್ನು ಮಾತ್ರ ಓದಿ

ಸ್ವಂತ ಸದ್ದು, ಅಂದರೆ ಸೆಲ್ಫ್ ನಾಯ್ಸ್. ಕಂಡೆನ್ಸರ್‌ಗಳಿಗೆ ಮಾತ್ರ ಬರೆದಿರುತ್ತಾರೆ. ಎಟಿ2020ರದು 20 ಡೆಸಿಬೆಲ್, ರೋಡ್ ಎನ್‌ಟಿ1ರದು 4.5. ಬೆರಳಿನಿಂದ ಮೆಲ್ಲಗೆ ಮೀಟುವ ಗಿಟಾರ್‌ಗೆ, ಪಿಸುಮಾತಿನ ಹಾಡಿಗೆ ಈ ಅಂತರ ಕೇಳುತ್ತದೆ. ತಬಲಾಗೆ ಅಥವಾ ಜೋರು ದನಿಗೆ ಕೇಳುವುದಿಲ್ಲ. ಮೊದಲ ಹಂತದ ಮೌನದ ರೆಕಾರ್ಡಿಂಗ್‌ನಲ್ಲಿ ಫ್ಯಾನ್ ಸದ್ದೇ ಮುಂದಿದ್ದರೆ ಈ ಅಂಕಿಗಾಗಿ ಹೆಚ್ಚು ಹಣ ಕೊಡಬೇಡಿ.

ಸೆನ್ಸಿಟಿವಿಟಿ. ಹಂತ 3ರ ಗೇನ್ ಲೆಕ್ಕಕ್ಕೆ ಇದೇ ಆಧಾರ. ಮಿಲಿವೋಲ್ಟ್ ಕಡಿಮೆಯಾದಷ್ಟೂ ಗೇನ್ ಹೆಚ್ಚು ಬೇಕು.

ತಡೆದುಕೊಳ್ಳುವ ಗರಿಷ್ಠ ಮಟ್ಟ. ಜೋರು ವಾದ್ಯದ ಹತ್ತಿರ ಇಡುವುದಾದರೆ ಮಾತ್ರ ನೋಡಿ. 130 ಡೆಸಿಬೆಲ್‌ಗಿಂತ ಮೇಲಿದ್ದರೆ ಮನೆಯ ಕೆಲಸಕ್ಕೆ ಚಿಂತೆಯಿಲ್ಲ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ‘20 ಹರ್ಟ್ಝ್‌ನಿಂದ 20,000 ಹರ್ಟ್ಝ್’ ಎಂಬುದಕ್ಕೆ ಮರುಳಾಗಬೇಡಿ. ಆ ವ್ಯಾಪ್ತಿಯೊಳಗೆ ಎಷ್ಟು ಡೆಸಿಬೆಲ್ ಏರಿಳಿತವಿದೆ ಎಂದು ಹೇಳದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಗ್ರಾಫ್ ಇದ್ದರೆ ಒಂದೇ ಜಾಗ ನೋಡಿ: 5,000ದಿಂದ 10,000 ಹರ್ಟ್ಝ್ ನಡುವೆ ಗೆರೆ ಗುಡ್ಡದಂತೆ ಎದ್ದಿದೆಯೇ? ನಿಮ್ಮ ದೂರು ‘ಸ’ಕಾರದ ಕೊರೆತವಾಗಿದ್ದರೆ ಅಂಥ ಮೈಕ್ ಅದನ್ನು ಹೆಚ್ಚಿಸುತ್ತದೆ.

## ಹಂತ 7: ಎರಡು ಮೂರು ಹೆಸರಿಗೆ ಇಳಿಸಿ

ಹಣವನ್ನು ಮೊದಲು ಪಾಲು ಮಾಡಿ. ಎರಡನೇ ಮೈಕ್ ಎಂದರೆ ಎರಡನೇ ಸ್ಟ್ಯಾಂಡ್, ಎರಡನೇ ಎಕ್ಸ್‌ಎಲ್‌ಆರ್ ಕೇಬಲ್, ಹಾಡಿಗಾದರೆ ಗಾಳಿಯ ಹೊಡೆತ ತಡೆಯುವ ಪಾಪ್ ಫಿಲ್ಟರ್ ಕೂಡ. ಇವನ್ನು ತೆಗೆದಿಟ್ಟು ಉಳಿದದ್ದೇ ಮೈಕ್‌ನ ಬಜೆಟ್. ಕುಸಿಯುವ ಸ್ಟ್ಯಾಂಡ್‌ನ ಮೇಲೆ ಒಳ್ಳೆಯ ಮೈಕ್ ಇಡುವುದಕ್ಕಿಂತ ಗಟ್ಟಿ ಸ್ಟ್ಯಾಂಡ್‌ನ ಮೇಲೆ ಸಾಧಾರಣ ಮೈಕ್ ಇಡುವುದು ಲೇಸು. ಮೈಕ್ ಇಟ್ಟ ಜಾಗ ಎರಡು ಸೆಂಟಿಮೀಟರ್ ಸರಿದರೂ ಧ್ವನಿ ಬದಲಾಗುತ್ತದೆ.

ವಾದ್ಯಕ್ಕೂ ಆಂಪ್ಲಿಫೈಯರ್‌ಗೂ ಸಲ್ಲುವ ಡೈನಮಿಕ್ ಬೇಕಾದರೆ ಶೂರ್ ಎಸ್‌ಎಂ57. ಹಾಡಿಗೆ ಹೆಚ್ಚು ಎಂದಾದರೆ ಎಸ್‌ಎಂ58. ಹಾಡಿಗೆ ಮೊದಲ ಕಂಡೆನ್ಸರ್ ಬೇಕಾದರೆ ಎಟಿ2020. ತೀರ ಮೆಲು ವಾದ್ಯಕ್ಕೆ ರೋಡ್ ಎನ್‌ಟಿ1, ಇದಕ್ಕೆ ಕೈ ಸ್ವಲ್ಪ ಸಡಿಲ ಬಿಡಬೇಕು. ಸ್ಟೀರಿಯೋ ಜೋಡಿಯಾಗಿಯೇ ಮಾರುವುದರಲ್ಲಿ ಬೆಹ್ರಿಂಗರ್ ಸಿ-2 ಮತ್ತು ರೋಡ್ ಎಂ5 ಇವೆ. ಇವೆರಡರಲ್ಲಿ ಸಿ-2 ಅಗ್ಗ. ದಿಕ್ಕು ಬದಲಿಸುವ ಸ್ವಿಚ್ ಬೇಕಾದವರು ಎಟಿ2050 ನೋಡಬಹುದು. ಇವು ದಾರಿ ತೋರಿಸಲಿಕ್ಕೆ ಮಾತ್ರ. ನಿಮ್ಮ ಹಂತ 2ರ ವಾಕ್ಯಕ್ಕೆ ಹೊಂದುವ ಬೇರೆ ಮೈಕ್ ಸಿಕ್ಕರೆ ಧೈರ್ಯವಾಗಿ ತೆಗೆದುಕೊಳ್ಳಿ.

## ಹಂತ 8: ಕೊಳ್ಳುವಾಗ ಕಣ್ಣಿಡಬೇಕಾದ್ದು

ಡೈನಮಿಕ್ ಆದರೆ ಬಳಸಿದ್ದನ್ನು ಕೊಳ್ಳುವುದು ಹಣ ಉಳಿಸುವ ಒಳ್ಳೆಯ ದಾರಿ. ಜಾಲರಿ ನಗ್ಗಿದ್ದರೂ ಒಳಗೆ ಸರಿಯಿರುವುದುಂಟು. ಕಂಡೆನ್ಸರ್‌ನಲ್ಲಿ ಅಷ್ಟು ಧೈರ್ಯ ಬೇಡ: ತೇವ ಮತ್ತು ಧೂಳಿನಿಂದ ಕ್ಯಾಪ್ಸೂಲ್ (ಡಯಾಫ್ರಮ್ ಇರುವ ಭಾಗ) ಕೆಟ್ಟರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಫ್ಯಾಂಟಮ್ ಹಾಕಿ ಹತ್ತು ನಿಮಿಷ ಬಿಟ್ಟು, ಮೌನದಲ್ಲಿ ಚಟಪಟ ಸದ್ದು ಬರುತ್ತದೆಯೇ ಎಂದು ಕೇಳಿಯೇ ಹಣ ಕೊಡಿ.

ಶೂರ್ ಎಸ್‌ಎಂ57 ಮತ್ತು ಎಸ್‌ಎಂ58ರ ನಕಲಿಗಳು ಎಲ್ಲೆಡೆ ಇವೆ. ಅಸಲಿ 57 ತೂಗುವುದು 284 ಗ್ರಾಂ, 58 ತೂಗುವುದು 298 ಗ್ರಾಂ. ತಕ್ಕಡಿಯಲ್ಲಿ ತುಂಬ ಹಗುರ ಬಂದರೆ, ಅಥವಾ ಬೆಲೆ ಎಲ್ಲ ಕಡೆಗಿಂತ ಅರ್ಧವಿದ್ದರೆ ಬಿಟ್ಟುಬಿಡಿ. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ. ಅಧಿಕೃತ ಮಾರಾಟಗಾರರ ಬಿಲ್ಲೇ ಹೆಚ್ಚು ಭದ್ರ. ಹೊಸದಾದರೆ ಹಿಂದಿರುಗಿಸಲು ಎಷ್ಟು ದಿನ ಅವಕಾಶವಿದೆ ಎಂದು ಕೊಳ್ಳುವ ಮೊದಲೇ ಕೇಳಿ, ಮುಂದಿನ ಎರಡು ಹಂತಗಳನ್ನು ಆ ದಿನಗಳೊಳಗೆ ಮುಗಿಸಿ.

## ಹಂತ 9: ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ

ನಿನ್ನೆ ಹಾಡಿದ್ದಕ್ಕೂ ಇಂದು ಹಾಡಿದ್ದಕ್ಕೂ ಹೋಲಿಕೆ ಮಾಡಬೇಡಿ, ದನಿಯೇ ಬದಲಾಗಿರುತ್ತದೆ. ಎರಡು ಮೈಕ್‌ಗಳ ಕ್ಯಾಪ್ಸೂಲ್ ಆದಷ್ಟು ಒತ್ತಾಗಿ, ಬಾಯಿಂದ ಅಥವಾ ವಾದ್ಯದಿಂದ ಒಂದೇ ದೂರದಲ್ಲಿರುವಂತೆ ಇಟ್ಟು, ಒಂದೇ ಹಾಡಿಕೆಯನ್ನು ಎರಡು ಟ್ರ್ಯಾಕ್‌ಗೆ ರೆಕಾರ್ಡ್ ಮಾಡಿ. ಪ್ರೀಆಂಪ್ ಒಂದೇ ಇದ್ದವರು ಒಂದೇ ಸಾಲನ್ನು ಬೆನ್ನುಬೆನ್ನಿಗೆ ಹಾಡಿ.

ಆಮೇಲೆ ಎರಡು ಟ್ರ್ಯಾಕ್‌ಗಳ ಮಟ್ಟವನ್ನು ಮೀಟರ್ ನೋಡಿ ಸಮ ಮಾಡಿ. ಇದನ್ನು ಬಿಡಲೇಬೇಡಿ. ಒಂದು ಡೆಸಿಬೆಲ್ ಜೋರಿದ್ದರೂ ಕಿವಿ ಅದನ್ನೇ ‘ಚೆನ್ನಾಗಿದೆ’ ಎನ್ನುತ್ತದೆ, ಕಂಡೆನ್ಸರ್ ಸುಮ್ಮನೆ ಗೆದ್ದುಬಿಡುತ್ತದೆ. ಸಮ ಮಾಡಿದ ಮೇಲೆ ಯಾವುದು ಯಾವುದೆಂದು ನಿಮಗೆ ಗೊತ್ತಾಗದಂತೆ ಇನ್ನೊಬ್ಬರ ಕೈಯಲ್ಲಿ ಬದಲಿಸಲು ಹೇಳಿ ಕೇಳಿ. ಉಳಿದ ವಾದ್ಯಗಳ ಟ್ರ್ಯಾಕ್ ಇದ್ದರೆ ಅದರ ಜೊತೆಗೂ ಕೇಳಿ. ಒಂಟಿಯಾಗಿ ಮಂಕೆನಿಸಿದ ಡೈನಮಿಕ್ ಹಾಡಿನೊಳಗೆ ಸರಿಯಾಗಿ ಕೂರುವುದನ್ನು ಆಗ ಕಾಣುತ್ತೀರಿ.

## ಹಂತ 10: ಒಟ್ಟಿಗೆ ಬಳಸುವಾಗ ಫೇಸ್ ಸರಿಪಡಿಸಿ

‘ಧ್ವನಿ ತೆಳುವಾಯಿತು’ ಎಂಬ ದೂರು ಹುಟ್ಟುವುದು ಇಲ್ಲಿ, ಎರಡು ಮೈಕ್‌ಗಳ ಅಲೆಗಳ ಏರಿಳಿತ (ಫೇಸ್) ಒಂದಕ್ಕೊಂದು ಹೊಂದದಿದ್ದಾಗ. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಎರಡನೇ ಮೈಕ್ ವಾದ್ಯದಿಂದ 34 ಸೆಂಟಿಮೀಟರ್ ಹೆಚ್ಚು ದೂರವಿದ್ದರೆ ಧ್ವನಿ ಅದಕ್ಕೆ ಒಂದು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡು ಟ್ರ್ಯಾಕ್‌ಗಳನ್ನು ಕೂಡಿಸಿದಾಗ 500 ಹರ್ಟ್ಝ್‌ನಲ್ಲಿ ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಅಳಿಸಿಹೋಗುತ್ತದೆ. 1,500ರಲ್ಲಿ, 2,500ರಲ್ಲಿ ಮತ್ತೆ ಹಾಗೇ. ದನಿಯ ಮೈಯೇ ಇರುವ ಜಾಗ ಅದು. ಎಂಥ ದುಬಾರಿ ಮೈಕ್ ತಂದರೂ ಈ ಅಳಿಸುವಿಕೆ ತಪ್ಪದು.

ಮೊದಲು ದಾರ ಹಿಡಿಯಿರಿ. ವಾದ್ಯದ ಒಂದು ಬಿಂದುವಿನಿಂದ ಎರಡು ಮೈಕ್‌ಗಳಿಗೂ ದಾರ ಹಿಡಿದು ದೂರ ಸಮ ಮಾಡಿ. ಗಿಟಾರ್‌ಗಾದರೆ ಒಂದು ಮೈಕ್ 12ನೇ ಫ್ರೆಟ್‌ನ ಎದುರು, ಇನ್ನೊಂದು ಬ್ರಿಜ್‌ನ ಹಿಂಭಾಗದ ಎದುರು, ಎರಡೂ 30 ಸೆಂಟಿಮೀಟರ್ ದೂರದಲ್ಲಿ. ಮೈಕ್ ಅನ್ನು ಗಿಟಾರ್‌ನ ತೂತಿಗೆ ನೇರವಾಗಿ ಹಿಡಿಯಬೇಡಿ, ಮಂದ್ರ ಗುಂಯ್ ಎನ್ನುತ್ತದೆ.

ಆಮೇಲೆ ಮೋನೋದಲ್ಲಿ ಕೇಳಿ. ಎರಡು ಟ್ರ್ಯಾಕ್‌ಗಳನ್ನೂ ನಡುವೆ ಇಟ್ಟು, ಮಟ್ಟ ಸಮ ಮಾಡಿ, ಒಂದರ ಪೊಲಾರಿಟಿಯನ್ನು ತಿರುಗಿಸಿ ನೋಡಿ. ಯಾವ ಸ್ಥಿತಿಯಲ್ಲಿ ಮಂದ್ರ ತುಂಬಿಕೊಂಡು ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ. ಎರಡರಲ್ಲೂ ಸಮಾಧಾನವಿಲ್ಲದಿದ್ದರೆ ಒಂದು ಮೈಕ್ ಅನ್ನು ಎರಡೆರಡು ಸೆಂಟಿಮೀಟರ್ ಸರಿಸುತ್ತ ಮತ್ತೆ ಕೇಳಿ. ಎರಡನ್ನೂ ಎಡಬಲಕ್ಕೆ ಹಂಚಿ ಹೆಡ್‌ಫೋನ್‌ನಲ್ಲೇ ಕೇಳುವವರಿಗೆ ಈ ದೋಷ ಗೊತ್ತಾಗದೆ, ಫೋನಿನ ಒಂದೇ ಸ್ಪೀಕರ್‌ನಲ್ಲಿ ಕೇಳಿದಾಗ ವಾದ್ಯ ಮಾಯವಾಗುತ್ತದೆ.

ಮೃದಂಗ, ಢೋಲಕ್‌ನಂಥ ಎರಡು ಮುಖದ ವಾದ್ಯಕ್ಕೆ ಒಂದು ಟ್ರ್ಯಾಕ್‌ನ ಪೊಲಾರಿಟಿ ತಿರುಗಿಸಬೇಕಾಗಿ ಬರುವುದು ಹೆಚ್ಚು. ಒಂದು ಮುಖಕ್ಕೆ ಪೆಟ್ಟು ಬಿದ್ದಾಗ ಅದು ಒಳಕ್ಕೆ ಹೋಗುತ್ತದೆ, ಒಳಗಿನ ಗಾಳಿ ಇನ್ನೊಂದು ಮುಖವನ್ನು ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಎರಡು ಮೈಕ್‌ಗಳಿಗೆ ಸಿಗುವ ಮೊದಲ ಅಲೆ ಒಂದಕ್ಕೊಂದು ವಿರುದ್ಧ.

ಸ್ಟೀರಿಯೋ ಹೊಸಬರಿಗೆ ಎಕ್ಸ್-ವೈ ಜೋಡಣೆಯೇ ಕ್ಷೇಮ: ಕ್ಯಾಪ್ಸೂಲ್‌ಗಳು ಒಂದರ ಮೇಲೊಂದು, ನಡುವೆ 90 ಡಿಗ್ರಿ ಕೋನ. ಧ್ವನಿ ಎರಡಕ್ಕೂ ಒಂದೇ ಹೊತ್ತಿಗೆ ತಲುಪುವುದರಿಂದ ಮೋನೋದಲ್ಲೂ ಕೆಡುವುದಿಲ್ಲ. ಇನ್ನಷ್ಟು ಹರವು ಬೇಕೆನಿಸಿದರೆ ಓಆರ್‌ಟಿಎಫ್ ಎಂಬ ಜೋಡಣೆ: ಕ್ಯಾಪ್ಸೂಲ್‌ಗಳ ನಡುವೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ.

ಒಂದಕ್ಕೆ ಮೂರು ನಿಯಮ ಎಂದು ಕೇಳಿರುತ್ತೀರಿ. ಮೈಕ್ ತನ್ನ ವಾದ್ಯದಿಂದ ಇರುವ ದೂರದ ಮೂರು ಪಟ್ಟು ದೂರದಲ್ಲಿ ಇನ್ನೊಂದು ಮೈಕ್ ಇರಬೇಕು ಎನ್ನುವುದು ಅದು. ಆಗ ಪಕ್ಕದ ವಾದ್ಯದ ಸೋರಿಕೆ ಸುಮಾರು 9.5 ಡೆಸಿಬೆಲ್ ತಗ್ಗುತ್ತದೆ. ಇದು ಇಬ್ಬರು ಕಲಾವಿದರಿಗೆ ಎರಡು ಮೈಕ್ ಇಟ್ಟಾಗಿನ ನಿಯಮ. ಒಂದೇ ವಾದ್ಯಕ್ಕೆ ಎರಡು ಮೈಕ್ ಇಟ್ಟು ಇದನ್ನು ಅನ್ವಯಿಸಿದರೆ ಫೇಸ್ ದೋಷವನ್ನು ಕೈಯಾರೆ ಕರೆದಂತೆ.

## ಹಿಂದಿರುಗಿಸಬೇಕೆಂದು ಹೇಳುವ ಲಕ್ಷಣಗಳು

ಒಂದೇ ಮಾಡೆಲ್‌ನ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 2–3 ಡೆಸಿಬೆಲ್ ಹೆಚ್ಚು ಗೇನ್ ಬೇಕಾಗುತ್ತಿದ್ದರೆ, ಮೊದಲು ಕೇಬಲ್ ಮತ್ತು ಇನ್‌ಪುಟ್ ಅದಲುಬದಲು ಮಾಡಿ. ವ್ಯತ್ಯಾಸ ಮೈಕ್‌ನ ಜೊತೆಗೇ ಹೋದರೆ ಜೋಡಿ ಸರಿಯಿಲ್ಲ. ಸ್ಟ್ಯಾಂಡ್ ಮುಟ್ಟಿದಾಗಲೆಲ್ಲ ಚಟ್ ಎಂದರೆ ಒಳಗೆ ಕನೆಕ್ಷನ್ ಸಡಿಲವಿದೆ. ಮೈಕ್‌ನ ಲೋಹ ಮುಟ್ಟಿದ ಕೂಡಲೇ ಗುಂಯ್ ಸದ್ದು ನಿಂತರೆ ಅಥವಾ ಹೆಚ್ಚಾದರೆ ಅರ್ತ್ ಸರಿಯಾಗಿಲ್ಲ. ಬೇರೆ ಕೇಬಲ್‌ನಲ್ಲೂ ಹಾಗೇ ಆದರೆ ಮೈಕ್ ವಾಪಸ್ ಕೊಡಿ. ಮುಂದೆ ಹಾಡಿದ್ದಕ್ಕೂ ಹಿಂದೆ ಹಾಡಿದ್ದಕ್ಕೂ ಮಟ್ಟದಲ್ಲಿ ಅಂತರವೇ ಇಲ್ಲದ ಕಾರ್ಡಿಯಾಯ್ಡ್ ಕೂಡ ದೋಷದ್ದೇ. ಆದರೆ ಅದನ್ನು ಕೋಣೆಯ ನಡುವೆ, ಹತ್ತಿರದಿಂದ ಪರೀಕ್ಷಿಸಿ. ಗೋಡೆಯ ಪಕ್ಕದಲ್ಲಿ ಮರುಧ್ವನಿಯೇ ಹಿಂದಿನಿಂದ ಬಂದದ್ದನ್ನು ಮುಂದಕ್ಕೆ ತಂದುಕೊಡುತ್ತದೆ.

ಈ ಯಾವ ಲಕ್ಷಣವೂ ಇಲ್ಲದಿದ್ದರೆ ಸರಿಹೊಂದಿದ ಜಾಗದ ಅಳತೆಯನ್ನು ಬರೆದಿಡಿ: ವಾದ್ಯದಿಂದ ದೂರ, ಕೋನ, ಗೇನ್ ಗುಂಡಿಯ ಸ್ಥಾನ, ಪೊಲಾರಿಟಿ ತಿರುಗಿಸಿದ್ದು ಯಾವ ಟ್ರ್ಯಾಕ್‌ನಲ್ಲಿ. ಸ್ಟ್ಯಾಂಡ್‌ನ ಕಾಲು ಕೂತ ಜಾಗಕ್ಕೆ ನೆಲದ ಮೇಲೆ ಟೇಪು ಅಂಟಿಸಿದರೆ ಮುಂದಿನ ಸಲ ಹಂತ 10 ಐದು ನಿಮಿಷದ ಕೆಲಸ.